330 ಯೂನಿಟ್ ಬಳಸುವ ಮನೆಗೆ ಸೋಲಾರ್ ಹಾಕಿಸಿದರೆ ಲಾಭ ಇದೆಯಾ?

ತುಮಕೂರು_ಹುಡುಗ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ 30-40 ಸೈಟಿನಲ್ಲಿ ನಮ್ಮ ಮನೆ. ಕೆಳಗೆ ಅಪ್ಪ ಅಮ್ಮ. ಮೇಲೆ ನಾನು, ಹೆಂಡತಿ, ಇಬ್ಬರು ಮಕ್ಕಳು. ಮೀಟರ್ ಎರಡಿವೆ. ಕೆಳಗಿನದು ತಿಂಗಳಿಗೆ 120-130 ಯೂನಿಟ್ ಓಡುತ್ತದೆ, ಗೃಹಜ್ಯೋತಿ ಇದೆ, ಬಿಲ್ ಸೊನ್ನೆ. ಮೇಲಿನದು 330 ಯೂನಿಟ್ ಆಸುಪಾಸು. ವರ್ಕ್ ಫ್ರಂ ಹೋಮ್, ಒಂದು ಎಸಿ, ಒಂದು ಎಲೆಕ್ಟ್ರಿಕ್ ಸ್ಕೂಟರ್. ಬಿಲ್ 2,600 ದಾಟುತ್ತದೆ.

ಸೋಲಾರ್‌ನವರು ಬಂದು ಕೊಟೇಷನ್ ಕೊಟ್ಟು ಹೋಗಿದ್ದಾರೆ. 3 ಕಿಲೋವ್ಯಾಟ್‌ಗೆ 2.10 ಲಕ್ಷ, 5 ಕಿಲೋವ್ಯಾಟ್‌ಗೆ 3.10 ಲಕ್ಷ. ಎರಡಕ್ಕೂ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000. "5 ಹಾಕಿಸಿಬಿಡಿ ಸರ್, ಬಿಲ್ ಝೀರೋ, ಮೇಲಿಂದ ಬೆಸ್ಕಾಂನವರೇ ನಿಮಗೆ ದುಡ್ಡು ಕೊಡ್ತಾರೆ" ಅಂತ ಆಸೆ ಹುಟ್ಟಿಸಿದ್ದಾರೆ. ಅಪ್ಪ ಮಾತ್ರ "ಕರೆಂಟ್ ಬಿಟ್ಟಿ ಸಿಗ್ತಿರೋವಾಗ ಎರಡು ಲಕ್ಷ ಯಾಕೆ ಸುರೀತೀಯ" ಅಂತ ಕೂತಿದ್ದಾರೆ. ಹಾಕಿಸಿದವರು, ಹಾಕಿಸದವರು ಇಬ್ಬರೂ ಹೇಳಿ.

ಲೆಕ್ಕದ_ಮೇಷ್ಟ್ರು

ಅಪ್ಪ ಹೇಳಿದ್ದು ಕೆಳಗಿನ ಮೀಟರಿಗೆ ಪೂರ್ತಿ ಸರಿ. ಮೇಲಿನದಕ್ಕೆ ಅಲ್ಲ. ಬಿಡಿಸಿ ನೋಡೋಣ.

2025-26ರ ದರ ಯೂನಿಟ್‌ಗೆ 5.80. ಅದರ ಮೇಲೆ ನೌಕರರ ಪಿಂಚಣಿ, ಗ್ರ್ಯಾಚುಟಿ ಲೆಕ್ಕದಲ್ಲಿ 36 ಪೈಸೆ. ಆಮೇಲೆ ಶೇ. 9 ತೆರಿಗೆ. ತಿಂಗಳು ತಿಂಗಳು ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕ ಬಿಟ್ಟರೂ ಒಂದು ಯೂನಿಟ್ ನಿಮ್ಮ ಕೈಗೆ ಸುಮಾರು 6.70ಕ್ಕೆ ಬೀಳುತ್ತದೆ. ಸೋಲಾರ್ ಉಳಿಸುವುದು ಇದನ್ನು ಮಾತ್ರ. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145 ರೂಪಾಯಿ ಇದೆಯಲ್ಲ, ಅದು ಎಲ್ಲೂ ಹೋಗುವುದಿಲ್ಲ. ನಿಮ್ಮ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಮನೆ ಬೀಗ ಹಾಕಿ ಊರಿಗೆ ಹೋದರೂ 435 ಕಟ್ಟಬೇಕು. ಹಾಗಾಗಿ "ಬಿಲ್ ಝೀರೋ" ಅನ್ನುವವರನ್ನು ಮೊದಲು ಈ ಸಾಲು ತೋರಿಸಿ ಕೇಳಿ.

ಈಗ ಉತ್ಪಾದನೆ. ನಮ್ಮ ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಅಂದರೆ ತಿಂಗಳಿಗೆ 360. ಫೆಬ್ರವರಿ, ಮಾರ್ಚ್‌ನಲ್ಲಿ ಜಾಸ್ತಿ, ಜುಲೈನಲ್ಲಿ ಕಮ್ಮಿ. ನಿಮ್ಮ ಬಳಕೆ 330. ವರ್ಷಕ್ಕೆ ಏನಿಲ್ಲವೆಂದರೂ 3,700 ಯೂನಿಟ್ ನಿಮ್ಮ ಬಳಕೆಗೇ ವಜಾ ಆಗುತ್ತದೆ. ಉಳಿತಾಯ 25,000 ರೂಪಾಯಿ ಹತ್ತಿರ. ಸಬ್ಸಿಡಿ ಕಳೆದು ನಿಮ್ಮ ಖರ್ಚು 1.32 ಲಕ್ಷ. ಐದು ವರ್ಷ ದಾಟಿದ ಮೇಲೆ ಅಸಲು ಬರುತ್ತದೆ.

5 ಕಿಲೋವ್ಯಾಟ್ ಕತೆ ಬೇರೆ. ಸಬ್ಸಿಡಿ 3 ಕಿಲೋವ್ಯಾಟ್‌ಗೇ ನಿಂತುಬಿಡುತ್ತದೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ 78,000 ಮುಗಿಯಿತು. ಮೇಲಿನ ಎರಡು ಕಿಲೋವ್ಯಾಟ್‌ಗೆ ಪೂರ್ತಿ ಒಂದು ಲಕ್ಷ ನಿಮ್ಮದೇ ಜೇಬಿನಿಂದ. ಅದರಿಂದ ಬರುವ ಕರೆಂಟ್ ನಿಮಗೆ ಬೇಕಾಗಿಲ್ಲ, ಬಹುಪಾಲು ಗ್ರಿಡ್ಡಿಗೆ, ಅಂದರೆ ಬೆಸ್ಕಾಂ ಲೈನಿಗೆ ಹೋಗುತ್ತದೆ. ಹಾಗೆ ಹೋದ ಯೂನಿಟ್‌ಗೆ ಕೊಡುವ ದರ, ನೀವು ಕೊಳ್ಳುವ ದರಕ್ಕಿಂತ ತೀರಾ ಕಮ್ಮಿ. ಲೆಕ್ಕಕ್ಕೆ ಎರಡೂವರೆ ರೂಪಾಯಿ ಅಂತ ಇಟ್ಟುಕೊಂಡರೂ ಆ ಹೆಚ್ಚುವರಿ ಒಂದು ಲಕ್ಷ ವಾಪಸ್ ಬರುವುದಕ್ಕೆ ಹನ್ನೆರಡು ಹದಿಮೂರು ವರ್ಷ ಬೇಕು. ಬ್ಯಾಂಕಿನಲ್ಲಿ ಎಫ್‌ಡಿ ಇಡಿ.

ಕರೆಂಟ್_ಕಂಟ್ರಾಕ್ಟರ್

ಮೇಷ್ಟ್ರ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಮುಂದೆ ಕಾರು ತಗೊಳ್ಳುವ ಯೋಚನೆ ಇದ್ದರೆ, ಅದೂ ಎಲೆಕ್ಟ್ರಿಕ್ ಆಗಿದ್ದರೆ, 5 ಸರಿಹೋಗುತ್ತದೆ. ಇಲ್ಲದಿದ್ದರೆ ಬೇಡ. ಸೋಲಾರ್‌ನವರು 5 ಅಂತ ಒತ್ತಾಯ ಮಾಡುವುದು ಅವರಿಗೆ ಅದರಲ್ಲಿ ಸಿಗುವುದು ಜಾಸ್ತಿ ಅಂತ, ಅಷ್ಟೇ. ನಾನೂ ಇದೇ ಲೈನಲ್ಲಿ ಇರೋದು, ಗೊತ್ತು.

ಇನ್ನೊಂದು. ಕೊಟೇಷನ್ ಯಾವಾಗಿನದು? 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೇ ಕೊಟೇಷನ್ನನ್ನೇ ತಾರೀಖು ಬದಲಿಸಿ ಕೊಡುವವರು ಇದ್ದಾರೆ. ತೆರಿಗೆ ಬೇರೆಯಾಗಿ ಬರೆದುಕೊಡಿ ಅಂತ ಕೇಳಿ.

ಮೈಸೂರು_ಅಕ್ಕ

ಎಲ್ಲರೂ ಪ್ಯಾನೆಲ್ ಪ್ಯಾನೆಲ್ ಅಂತೀರಲ್ಲ, ಸ್ನಾನದ ನೀರು ಯಾವುದರಲ್ಲಿ ಕಾಯ್ತಿದೆ ಅಂತ ಯಾರೂ ಕೇಳಲೇ ಇಲ್ಲ! ತಮ್ಮಾ, ಮೇಲ್ಗಡೆ ಗೀಸರ್ ಇದೆಯಾ? ನಾಲ್ಕು ಜನಕ್ಕೆ ಗೀಸರ್‌ನಲ್ಲಿ ನೀರು ಕಾಯಿಸಿದರೆ ದಿನಕ್ಕೆ ಮೂರು ಯೂನಿಟ್ ಆರಾಮಾಗಿ ಹೋಗುತ್ತದೆ, ತಿಂಗಳಿಗೆ 90. ಮೊದಲು ಸೋಲಾರ್ ವಾಟರ್ ಹೀಟರ್ ಹಾಕಿಸು. ಖರ್ಚೂ ಕಡಿಮೆ. ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ ಲೆಕ್ಕದಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿನೂ ಕೊಡುತ್ತಾ ಬಂದಿದ್ದಾರೆ. ದೊಡ್ಡ ಮೊತ್ತ ಅಲ್ಲ, ಆದರೆ ಯಾಕೆ ಬಿಡಬೇಕು?

ಫ್ಯಾನೂ ನೋಡು. ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನ್ 30. ದಿನಕ್ಕೆ 15 ಗಂಟೆ ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 20 ಯೂನಿಟ್ ಉಳೀತು. ಇದನ್ನೆಲ್ಲ ಮಾಡಿ ಆಮೇಲೆ ಎಷ್ಟು ಕಿಲೋವ್ಯಾಟ್ ಅಂತ ಯೋಚನೆ ಮಾಡು.

ತುಮಕೂರು_ಹುಡುಗ

ಅಕ್ಕಾ, ಗೀಸರೇ ಇರೋದು. ವಾಟರ್ ಹೀಟರ್ ಹಾಕಿಸೋಣ ಅಂದರೆ ನಮ್ಮ ಬೋರ್‌ವೆಲ್ ನೀರು ವಿಪರೀತ ಗಡಸು. ಬಕೆಟ್ ತುಂಬ ಬಿಳಿ ಕಟ್ಟುತ್ತದೆ.

ಕರೆಂಟ್_ಕಂಟ್ರಾಕ್ಟರ್

ಹಾಗಿದ್ದರೆ ತಾಮ್ರದ ಕೊಳವೆಯ ಪ್ಲೇಟ್ ಮಾದರಿ ಬೇಡ, ಒಳಗೆ ಉಪ್ಪು ಕಟ್ಟಿ ಕೆಲವೇ ವರ್ಷದಲ್ಲಿ ನೀರು ಹರಿಯುವುದು ನಿಲ್ಲುತ್ತದೆ. ಗಾಜಿನ ಟ್ಯೂಬಿನದು ತಗೊಳ್ಳಿ. ಅದರಲ್ಲೂ ಉಪ್ಪು ಕೂರುತ್ತದೆ, ಆದರೆ ಬಿಚ್ಚಿ ತೊಳೆಯಬಹುದು. ಕಾರ್ಪೊರೇಷನ್ ನೀರಿನ ಲೈನ್ ಇದ್ದರೆ ಹೀಟರಿಗೆ ಅದನ್ನೇ ಕೊಡಿ.

ಕಲಬುರಗಿ_ಬಿಸಿಲು

ನಮ್ಮ ಕಡೆ ಎಲ್ರೂ ಅನ್ಕೊಂಡಿರೋದು ಏನಂದ್ರ, ಬಿಸಿಲು ಜಾಸ್ತಿ ಇದ್ದಷ್ಟು ಕರೆಂಟ್ ಜಾಸ್ತಿ. ಹಂಗಲ್ಲ ನೋಡ್ರಿ. ಪ್ಯಾನೆಲ್‌ಗೆ ಬೇಕಾಗಿರೋದು ಬೆಳಕು, ಕಾವಲ್ಲ. ಪ್ಯಾನೆಲ್ ಮೈ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.35 ಶಕ್ತಿ ಕಳಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಮಾಳಿಗೆ ಮೇಲೆ ಪ್ಯಾನೆಲ್ 65 ಡಿಗ್ರಿ ಮುಟ್ಟಿದ್ರ ಶೇ. 14 ಅಲ್ಲೇ ಹೋಯ್ತು. ಆ್ಯಪ್‌ನಲ್ಲಿ ನೋಡಿದ್ರ ನಮಗ ಚಲೋ ಇಳುವರಿ ಬರೋದು ಫೆಬ್ರವರಿ, ಮಾರ್ಚ್‌ನಾಗ.

ಅದಕ್ಕೇ ಪ್ಯಾನೆಲ್ಲನ್ನ ಮಾಳಿಗೆಗೆ ಅಂಟಿಸಿದಂಗ ಕೂಡಿಸಬ್ಯಾಡ್ರಿ. ಅಡಿಗೆ ಗಾಳಿ ಆಡಬೇಕು. ಧೂಳು ಇನ್ನೊಂದು ಕಾಟ. ಬೆಳಗ್ಗೆ ಬಿಸಿಲೇರೋ ಮೊದಲು ಮೆತ್ತಗಿನ ಬ್ರಷ್‌ನಿಂದ ತೊಳೀರಿ. ಕಾದ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಸುರೀಬ್ಯಾಡ್ರಿ, ಸೀಳ್ತದ. ಗಡಸು ನೀರಾದ್ರ ಒಣಗೋಕೆ ಬಿಡದೆ ಒರೆಸ್ರಿ, ಇಲ್ಲಾಂದ್ರ ಕಲೆ ಉಳೀತಾವ.

ಗೋಡೌನ್_ಗೆಳೆಯ

ಇದೆಲ್ಲ ಬಿಡಿ. ಲೋಡ್ ಶೆಡ್ಡಿಂಗ್ ಇದ್ದಾಗ ಸೋಲಾರ್ ಇದ್ದವರ ಮನೆಯಲ್ಲಿ ಕರೆಂಟ್ ಇರುತ್ತದಲ್ವಾ? ನನಗೆ ಅದೊಂದೇ ಸಾಕು.

ಕರೆಂಟ್_ಕಂಟ್ರಾಕ್ಟರ್

ಇರುವುದಿಲ್ಲ ಗುರು. ಎಲ್ಲರೂ ಎಡವುವುದು ಇಲ್ಲೇ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಬ್ಯಾಟರಿ ಇಲ್ಲದ, ಬೆಸ್ಕಾಂ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸಿಸ್ಟಂ. ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಅದರ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ) ತಾನೇ ಆಫ್ ಆಗಬೇಕು, ಕಾನೂನೇ ಹಾಗಿದೆ. ಯಾಕೆ ಅಂದರೆ ಕಂಬದ ಮೇಲೆ ಲೈನ್‌ಮನ್ ತಂತಿ ಹಿಡಿದು ಕೂತಿರುತ್ತಾನೆ. ನಿಮ್ಮ ಮನೆ ಪ್ಯಾನೆಲ್‌ನಿಂದ ಆ ತಂತಿಗೆ ಕರೆಂಟ್ ಹರಿದರೆ ಅವನ ಗತಿ ಏನು? ಹಾಗಾಗಿ ಕೆಂಡದಂಥ ಬಿಸಿಲಿದ್ದರೂ ಕರೆಂಟ್ ಹೋದಾಗ ನಿಮ್ಮ ಮನೆಯಲ್ಲೂ ಫ್ಯಾನ್ ನಿಲ್ಲುತ್ತದೆ.

ಹೈಬ್ರಿಡ್ ಇನ್ವರ್ಟರ್, ಲಿಥಿಯಂ ಬ್ಯಾಟರಿ ಹಾಕಿದರೆ ಓಡುತ್ತದೆ. ಆದರೆ 5 ಯೂನಿಟ್ ಹಿಡಿಯುವ ಬ್ಯಾಟರಿಗೇ ಲಕ್ಷದ ಮೇಲೆ ಬೀಳುತ್ತದೆ. ಮೇಷ್ಟ್ರು ಹೇಳಿದ ಐದು ವರ್ಷ ಸೀದಾ ಒಂಬತ್ತು, ಹತ್ತು ಆಗುತ್ತದೆ. ಪಟ್ಟಣದಲ್ಲಿ ಇರುವವರಿಗೆ ನಾನು ಹೇಳುವುದು, ಮನೆಯಲ್ಲಿ ಈಗಾಗಲೇ ಇರುವ ಯುಪಿಎಸ್, ಟ್ಯೂಬುಲರ್ ಬ್ಯಾಟರಿ ಹಾಗೇ ಇರಲಿ. ಕತ್ತಲಿಗೆ ಅದು, ಬಿಲ್ಲಿಗೆ ಸೋಲಾರ್. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹುಡುಕಬೇಡಿ.

ತೋಟದ_ಮನೆ

ತೀರ್ಥಹಳ್ಳಿ ಕಡೆಯವನು. ದಿನಕ್ಕೆ 4 ಯೂನಿಟ್ ಅನ್ನೋ ಲೆಕ್ಕ ಘಟ್ಟದ ಮೇಲೆ ನಡೆಯುವುದಿಲ್ಲ, ಹೊಸಬರು ದಯವಿಟ್ಟು ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸೂರ್ಯ ಇರುವುದೇ ಅಪರೂಪ. ಪ್ಯಾನೆಲ್ ಮೇಲೆ ಪಾಚಿ ಬೆಳೆಯುತ್ತದೆ. ಸುತ್ತ ಅಡಿಕೆ, ತೆಂಗು, ಹಲಸಿನ ನೆರಳು. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಅದರ ಜೊತೆ ಸಾಲಿನಲ್ಲಿ ಜೋಡಿಸಿದ ಉಳಿದವೂ ಸೊರಗುತ್ತವೆ. ಮಂಗಗಳ ವಿಷಯ ಬೇರೆಯೇ ಬರೆಯಬೇಕು. ಕರೆಂಟ್ ಹೋದರೆ ಮರ ಬಿದ್ದಲ್ಲಿಂದ ಮರ ತೆಗೆದು ಲೈನ್ ಸರಿಯಾಗುವವರೆಗೆ ಎರಡು ಮೂರು ದಿನ ಇಲ್ಲ. ಆನ್‌ಗ್ರಿಡ್ ಹಾಕಿಸಿ ಏನು ಮಾಡಲಿ?

ನಮ್ಮಲ್ಲಿ ಮಳೆಗಾಲಕ್ಕೆ ಸರಿಯಾದದ್ದು ನೀರು. ಗುಡ್ಡದಿಂದ ಇಳಿಯುವ ಹಳ್ಳಕ್ಕೆ ಪೈಪ್ ಹಾಕಿ ಸಣ್ಣ ಟರ್ಬೈನ್ ತಿರುಗಿಸುವುದು. ಸೆಕೆಂಡಿಗೆ 10 ಲೀಟರ್ ನೀರು, 20 ಮೀಟರ್ ಎತ್ತರದಿಂದ ಬಿದ್ದರೆ ಲೆಕ್ಕದಲ್ಲಿ ಸುಮಾರು 2 ಕಿಲೋವ್ಯಾಟ್. ಪೈಪು, ಟರ್ಬೈನ್ ಎಲ್ಲ ಕಡೆ ಸೋರಿಹೋಗಿ ಅರ್ಧ ಸಿಕ್ಕಿತು ಅಂದುಕೊಳ್ಳಿ, 1 ಕಿಲೋವ್ಯಾಟ್. ಕಡಿಮೆ ಅನ್ನಿಸಬಹುದು. ಆದರೆ ಅದು ರಾತ್ರಿ ಹಗಲು ತಿರುಗುತ್ತದೆ, ದಿನಕ್ಕೆ 24 ಯೂನಿಟ್. ಅಷ್ಟೇ ಕಿಲೋವ್ಯಾಟ್‌ನ ಸೋಲಾರ್ ಒಳ್ಳೆಯ ಬಿಸಿಲಿನಲ್ಲೇ ನಾಲ್ಕೋ ಐದೋ ಕೊಡುವುದು. ಜನವರಿ ಹೊತ್ತಿಗೆ ಹಳ್ಳ ಸಣ್ಣಗಾಗುತ್ತದೆ, ಆಗ ಬಿಸಿಲು ಬರುತ್ತದೆ. ಹಳ್ಳ ಇರುವವರಿಗೆ ಮಾತ್ರ ಈ ಭಾಗ್ಯ, ಒಪ್ಪುತ್ತೇನೆ. ಎಲೆ, ಕಸ ತುಂಬಿ ಪೈಪ್ ಕಟ್ಟಿಕೊಂಡರೆ ಸುರಿಯುವ ಮಳೆಯಲ್ಲಿ ಕಂಬಳಿ ಹೊದ್ದು ಗುಡ್ಡ ಹತ್ತಬೇಕು, ಅದನ್ನೂ ಒಪ್ಪುತ್ತೇನೆ. ಜಿಗಣೆ ಲೆಕ್ಕಕ್ಕಿಲ್ಲ.

ಲೆಕ್ಕದ_ಮೇಷ್ಟ್ರು

ತೋಟದವರೇ, ಗೋಬರ್ ಗ್ಯಾಸ್ ಇದೆಯಾ ಇನ್ನೂ? ನಿಮ್ಮ ಶಿರಸಿ, ಸಾಗರದ ಕಡೆ ಮನೆ ಮನೆಯಲ್ಲೂ ಇತ್ತಲ್ಲ.

ತೋಟದ_ಮನೆ

ಇದೆ, ದಿನಾ ಬೆಳಗಿನ ಕಾಫಿ, ದೋಸೆ ಅದರಲ್ಲೇ. 2 ಘನ ಮೀಟರ್ ಪ್ಲಾಂಟಿಗೆ ದಿನಕ್ಕೆ ಹತ್ತಿರ ಹತ್ತಿರ 50 ಕೆಜಿ ಸಗಣಿ ಬೇಕು. ನಾಲ್ಕೈದು ದನ ಇರಬೇಕು. ತೊಂದರೆ ಇರುವುದು ಅಲ್ಲೇ. ಪ್ಲಾಂಟ್ ಗಟ್ಟಿಯಾಗಿದೆ, ದನ ಕಮ್ಮಿಯಾಗುತ್ತಿವೆ, ಕಟ್ಟಿ ಸಾಕುವ ಜನ ಅದಕ್ಕಿಂತ ಕಮ್ಮಿ. ಸ್ಲರಿ ತೋಟಕ್ಕೆ ಹೋಗುತ್ತದೆ. ಗೊಬ್ಬರದ ದುಡ್ಡು ಸೇರಿಸಿ ನೋಡಿದರೆ ಇಲ್ಲಿ ಚರ್ಚೆಯಾಗುತ್ತಿರುವ ಯಾವ ಸೋಲಾರ್‌ಗಿಂತಲೂ ಬೇಗ ಅಸಲು ಬಂದಿದೆ.

ರೀಲ್ಸ್_ನೋಡುವವ

ಮನೆ ಮೇಲೆ ಇಡುವ ಸಣ್ಣ ಗಾಳಿಯಂತ್ರ ನೋಡಿದೆ, ಟ್ಯುಲಿಪ್ ಹೂವಿನ ತರ ಇದೆ. ಅದು ಹೇಗೆ?

ಲೆಕ್ಕದ_ಮೇಷ್ಟ್ರು

ನೋಡಲು ಚೆನ್ನಾಗಿದೆ. ಗಾಳಿಯ ವೇಗ ಅರ್ಧ ಆದರೆ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಗದಗ, ಚಿತ್ರದುರ್ಗದ ಗುಡ್ಡದ ಮೇಲೆ ಅಷ್ಟೆತ್ತರದ ಕಂಬ ನೆಟ್ಟಿರುವುದು ಸುಮ್ನೆ ಅಲ್ಲ. ಅಕ್ಕಪಕ್ಕ ಮನೆ, ನೀರಿನ ಟ್ಯಾಂಕ್ ಇರುವ ತಾರಸಿ ಮೇಲೆ ಗಾಳಿ ಸುಳಿಸುತ್ತಿ ಬರುತ್ತದೆ. ಬೇಡ.

ಹಳೇ_ಮೀಟರ್

2014ರಲ್ಲೇ ಹಾಕಿಸಿದವನು ನಾನು. ಗ್ರಿಡ್ಡಿಗೆ ಕೊಟ್ಟ ಕರೆಂಟಿಗೆ ಆಗ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ನಿಗದಿ ಮಾಡಿದ್ದ ದರ ಕೇಳಿದರೆ ಈಗಿನವರು ನಂಬುವುದಿಲ್ಲ. ಸಬ್ಸಿಡಿ ಬೇಡ ಅಂದವರಿಗೆ ಯೂನಿಟ್‌ಗೆ 9.56, ಸಬ್ಸಿಡಿ ಪಡೆದವರಿಗೆ 7.20, ಅದೂ 25 ವರ್ಷದ ಒಪ್ಪಂದ. ಕೋಳಿ ಫಾರಂ ಶೆಡ್ಡಿನ ಮೇಲೆಲ್ಲ ಪ್ಯಾನೆಲ್ ಹಾಕಿ ಕರೆಂಟ್ ಮಾರಲು ಹೊರಟವರು ಎಷ್ಟು ಜನ! 2016ರಲ್ಲಿ ಹೊಸಬರಿಗೆ ದರ ಇಳಿಸಿದರು. ಅಲ್ಲಿಂದ ಇಳಿಯುತ್ತಲೇ ಇದೆ. ನಮ್ಮ ಕಾಲದಲ್ಲಿ ಪ್ಯಾನೆಲ್‌ಗೂ ಬೆಲೆ ಜಾಸ್ತಿ ಇತ್ತು ಬಿಡಿ, ಕಿಲೋವ್ಯಾಟ್‌ಗೆ ಲಕ್ಷದ ಹತ್ತಿರ.

ಮೇಷ್ಟ್ರು ಬಿಟ್ಟ ಒಂದು ಖರ್ಚು ಹೇಳುತ್ತೇನೆ, ಇನ್ವರ್ಟರ್. ಪ್ಯಾನೆಲ್‌ಗೆ 25 ವರ್ಷ ಗ್ಯಾರಂಟಿ ಅನ್ನುತ್ತಾರೆ, ಅದು ಮೋಸ ಅಲ್ಲ. ನನ್ನ ಪ್ಯಾನೆಲ್‌ಗಳು ಈಗಲೂ ಚೆನ್ನಾಗಿವೆ, ಇಳುವರಿ ಸ್ವಲ್ಪ ತಗ್ಗಿದೆ. ಆದರೆ ಇನ್ವರ್ಟರ್ ಎಂಟನೇ ವರ್ಷ ಸುಟ್ಟುಹೋಯಿತು. ಹಾಕಿಕೊಟ್ಟ ಕಂಪನಿಗೆ ಫೋನ್ ಮಾಡಿದರೆ ನಂಬರೇ ಇಲ್ಲ, ಅಂಗಡಿ ಮುಚ್ಚಿದ್ದಾರೆ. ಹೊಸದಕ್ಕೆ ಕೈಯಿಂದ ಹಾಕಿದೆ. ಆದ್ದರಿಂದ ಇನ್ವರ್ಟರ್ ತಯಾರಕರು ನೇರವಾಗಿ ಎಷ್ಟು ವರ್ಷ ವಾರಂಟಿ ಕೊಡುತ್ತಾರೆ, ನಿಮ್ಮ ಊರಿನ ಹತ್ತಿರ ಸರ್ವಿಸ್ ಇದೆಯಾ, ಇದನ್ನು ಬೆಲೆಗಿಂತ ಮೊದಲು ಕೇಳಿ.

ಮೆಲ್ಬರ್ನ್_ಕನ್ನಡತಿ

ಹಳೇ ಮೀಟರ್ ಸರ್, ಇಲ್ಲಿಯೂ ಅದೇ ಕತೆ. ಆಸ್ಟ್ರೇಲಿಯಾದಲ್ಲಿ ಮೂರರಲ್ಲಿ ಒಂದು ಮನೆ ಮೇಲೆ ಸೋಲಾರ್ ಇದೆ. ನಾವಿರುವ ವಿಕ್ಟೋರಿಯಾದಲ್ಲಿ ಮೊದಲು ಹಾಕಿಸಿದವರಿಗೆ ಯೂನಿಟ್‌ಗೆ 60 ಸೆಂಟ್ ಕೊಡುತ್ತಿದ್ದರು. 2025-26ಕ್ಕೆ ಗೊತ್ತುಮಾಡಿದ ಕನಿಷ್ಠ ದರ 0.04 ಸೆಂಟ್. ಒಂದು ಸೆಂಟೂ ಅಲ್ಲ! ಮಧ್ಯಾಹ್ನ ಎಲ್ಲರ ಮನೆಯಲ್ಲೂ ಕರೆಂಟ್ ಉಕ್ಕುತ್ತಿದ್ದರೆ ಯಾರಿಗೆ ಬೇಕು? ಅದಕ್ಕೇ ಇಲ್ಲಿ ವಾಷಿಂಗ್ ಮೆಷಿನ್, ಡಿಶ್‌ವಾಷರ್, ಕಾರ್ ಚಾರ್ಜಿಂಗ್ ಎಲ್ಲ ಹಗಲಿಗೇ. ಸರ್ಕಾರ 2025ರ ಜುಲೈನಿಂದ ಮನೆ ಬ್ಯಾಟರಿಗೆ ರಿಯಾಯಿತಿ ಶುರುಮಾಡಿದೆ. ಕರೆಂಟ್ ಮಾರಿ ದುಡ್ಡು ಮಾಡುವ ಲೆಕ್ಕದಲ್ಲಿ ಹಾಕಿಸಬೇಡಿ. ನೀವು ಬಳಸುವಷ್ಟಕ್ಕೆ ಹಾಕಿಸಿ.

ಅಪಾರ್ಟ್‌ಮೆಂಟ್_ಸೆಕ್ರೆಟರಿ

ಫ್ಲ್ಯಾಟಿನವರ ಗೋಳು ಕೇಳುವವರಿಲ್ಲ. ತಾರಸಿ ಎಲ್ಲರದು, ಹಾಗಾಗಿ ಯಾರದೂ ಅಲ್ಲ. ಅಸೋಸಿಯೇಷನ್ ಹೆಸರಲ್ಲಿ ಲಿಫ್ಟ್, ಪಂಪು, ಕಾರಿಡಾರ್ ದೀಪಕ್ಕೆ ಹಾಕಿಸಿದರೆ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ. ನಮ್ಮ ಮೀಟಿಂಗ್‌ನಲ್ಲಿ ವಿಷಯ ಎತ್ತಿದೆ. ಮೇಲಿನ ಮಹಡಿಯವರಿಗೆ ತಾರಸಿ ಸೋರುವ ಭಯ, ಕೆಳಗಿನವರಿಗೆ ದುಡ್ಡು ಕೊಡುವ ಭಯ. ಮುಂದಿನ ಮೀಟಿಂಗ್‌ಗೆ ಹೋಯಿತು.

ಚಳ್ಳಕೆರೆ_ರೈತ

ಪಂಪ್‌ಸೆಟ್ಟಿನ ಬಗ್ಗೆ ಒಂದು ಮಾತು. 10 ಎಚ್‌ಪಿವರೆಗೆ ನಮಗೆ ಕರೆಂಟ್ ಉಚಿತ, ಹಾಗಾದರೆ ಸೋಲಾರ್ ಯಾಕೆ ಅಂತ ಪೇಟೆಯವರು ಕೇಳುತ್ತಾರೆ. ಉಚಿತ ನಿಜ, ಆದರೆ ತ್ರೀ ಫೇಸ್ ಬರುವುದು ಯಾವಾಗ? ನಡುರಾತ್ರಿ. ಹಾವು, ಕರಡಿ ನಡುವೆ ಬ್ಯಾಟರಿ ಹಿಡಿದು ಮಡಿಗೆ ನೀರು ತಿರುಗಿಸುವವರಿಗೆ ಹಗಲು ಬರುವ ಕರೆಂಟಿನ ಬೆಲೆ ಗೊತ್ತು. ಸೋಲಾರ್ ಪಂಪ್‌ಸೆಟ್ ಕೊಡುವ ಕುಸುಮ್ ಬಿ ಯೋಜನೆಯಲ್ಲಿ ಕೇಂದ್ರ ಶೇ. 30, ರಾಜ್ಯ ಶೇ. 50 ಹಾಕುತ್ತದೆ, ನಮ್ಮ ಪಾಲು 20. ಲೈನಿನಿಂದ ದೂರ ಇರುವ ಬೋರ್‌ವೆಲ್‌ಗೆ ಕಂಬ ಎಳೆಸುವುದಕ್ಕಿಂತ ಇದೇ ವಾಸಿ.

ಗೋಡೌನ್_ಗೆಳೆಯ

ನನಗೊಂದು ಸಿಟ್ಟು. 200 ಯೂನಿಟ್ ಬಿಟ್ಟಿ ಕೊಟ್ಟಿರುವುದರಿಂದಲೇ ಈ ರಾಜ್ಯದಲ್ಲಿ ಸೋಲಾರ್ ಓಡುತ್ತಿಲ್ಲ. ಬಡವರಿಗೆ ಬಿಲ್ಲೇ ಇಲ್ಲ, ಹಾಕಿಸುವುದಿಲ್ಲ. ಎಸಿ, ಕಾರು ಇರುವವರಿಗೆ ಕೇಂದ್ರದ 78,000. ಇದ್ಯಾವ ನ್ಯಾಯ?

ಮೈಸೂರು_ಅಕ್ಕ

ಸ್ವಲ್ಪ ನಿಲ್ಲಿ. 60 ಯೂನಿಟ್ ಬಳಸುವ ಮನೆಗೆ ಸೋಲಾರ್ ಹಾಕಿಸುವ ಶಕ್ತಿ ಗೃಹಜ್ಯೋತಿ ಬರುವ ಮುಂಚೆಯೂ ಇರಲಿಲ್ಲ. ತಿಂಗಳಿಗೆ ನಾಲ್ಕು ನೂರು ರೂಪಾಯಿ ಬಿಲ್ ಉಳಿಸಲು ಲಕ್ಷ ಯಾರು ಹಾಕುತ್ತಿದ್ದರು? ಆ ಬಿಟ್ಟಿ ಕರೆಂಟಿನಲ್ಲಿ ಎಷ್ಟು ಮನೆಗಳಲ್ಲಿ ಮಿಕ್ಸಿ ತಿರುಗುತ್ತಿದೆ ಅಂತಾನೂ ನೋಡಿ. ಬೇಕಿದ್ದರೆ ಸರ್ಕಾರವೇ ಆ ಮನೆಗಳ ಮೇಲೆ ಪ್ಯಾನೆಲ್ ಹಾಕಿಸಲಿ, ಬಿಲ್ಲಿನ ಹಣ ಅದಕ್ಕೂ ಉಳಿಯುತ್ತದೆ.

ಲೆಕ್ಕದ_ಮೇಷ್ಟ್ರು

ಗಡಿಯಲ್ಲಿರುವವರು ಹುಷಾರಾಗಿರಬೇಕು. 2022-23ರ ನಿಮ್ಮ ಸರಾಸರಿಯ ಮೇಲೆ ಗೃಹಜ್ಯೋತಿಯ ಮಿತಿ ನಿಂತಿದೆ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯ ಒಂದೆರಡು ತಿಂಗಳು ಮಾತ್ರ ದಾಟುವ ಮನೆಯವರು ಸೋಲಾರ್‌ಗೆ ಓಡಬೇಡಿ. ಅಕ್ಕ ಹೇಳಿದ ಫ್ಯಾನ್, ವಾಟರ್ ಹೀಟರ್‌ನಲ್ಲೇ ಕೆಲಸ ಮುಗಿಯುತ್ತದೆ. 250ರ ಮೇಲೆ ವರ್ಷಪೂರ್ತಿ ಇರುವವರು ಯೋಚಿಸಿ, 300 ದಾಟಿದವರು ತಡಮಾಡಬೇಡಿ. ಇದು ನನ್ನ ಗೆರೆ. ಬೇರೆಯವರು ಬೇರೆ ಎಳೆಯಬಹುದು.

ತುಮಕೂರು_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಮೇಲಿನ ಮೀಟರಿಗೆ 3 ಕಿಲೋವ್ಯಾಟ್, ಜೊತೆಗೆ ವಾಟರ್ ಹೀಟರ್ ಅಂತ ಮನಸ್ಸು ಮಾಡಿದ್ದೇನೆ. ಗೀಸರ್ ಹೋದರೆ ಬಳಕೆ 240ಕ್ಕೆ ಇಳಿಯುತ್ತದೆ, ಆಗ 2 ಕಿಲೋವ್ಯಾಟ್ ಸಾಕಾ ಅಂತಲೂ ಅನ್ನಿಸುತ್ತಿದೆ. ಇನ್ನೊಂದು ತೊಡಕು, ಅಮ್ಮನಿಗೆ ತಾರಸಿ ಬೇಕು. ಹಪ್ಪಳ, ಸಂಡಿಗೆ, ಬಟ್ಟೆ ಎಲ್ಲ ಅಲ್ಲೇ. ಪ್ಯಾನೆಲ್ ಎತ್ತರಕ್ಕೆ ಕೂರಿಸಬಹುದಾ?

ಕರೆಂಟ್_ಕಂಟ್ರಾಕ್ಟರ್

ಕೂರಿಸಬಹುದು. 3 ಕಿಲೋವ್ಯಾಟ್‌ಗೆ ಈಗಿನ ದೊಡ್ಡ ಪ್ಯಾನೆಲ್ ಆರು ಸಾಕು, 300 ಚದರಡಿ ನೆರಳಿಲ್ಲದ ಜಾಗ. ಏಳೆಂಟು ಅಡಿ ಎತ್ತರಿಸಿದರೆ ಕೆಳಗೆ ಓಡಾಡಬಹುದು. ಸಂಡಿಗೆಗೆ ಮಾತ್ರ ಪ್ಯಾನೆಲ್ ನೆರಳಿನಾಚೆ ಜಾಗ ಬಿಡಿ. ಎತ್ತರಿಸಿದರೆ ಕಬ್ಬಿಣದ ಖರ್ಚು ಏರುತ್ತದೆ. ನಿಮ್ಮ 2.10 ಲಕ್ಷದಲ್ಲಿ ಅದು ಸೇರಿದೆಯಾ ಕೇಳಿ, ಬಹಳ ಸಲ ಸೇರಿರುವುದಿಲ್ಲ. ಕಂಬಕ್ಕೆ ತಾರಸಿ ಕೊರೆಯಲು ಬಿಡಬೇಡಿ, ನೀರು ಸೋರುತ್ತದೆ. ಕಾಂಕ್ರೀಟ್ ದಿಮ್ಮಿ ಕಟ್ಟಿ ಅದರ ಮೇಲೆ ನಿಲ್ಲಿಸಲಿ. ಪೈಪು ಸತುವಿನಲ್ಲಿ ಅದ್ದಿ ತೆಗೆದದ್ದಿರಲಿ, ಬಣ್ಣ ಬಳಿದದ್ದು ತುಕ್ಕು ಹಿಡಿಯುತ್ತದೆ. ಅರ್ತಿಂಗ್, ಮಿಂಚುನಿರೋಧಕ ಬೇರೆ ಬೇರೆ ಗುಂಡಿಗೆ ಹೋಗಲಿ. ಸಬ್ಸಿಡಿಗೆ ಸೆಲ್ಲೂ ಇಲ್ಲೇ ತಯಾರಾದ ಡಿಸಿಆರ್ ಪ್ಯಾನೆಲ್ಲೇ ಬೇಕು. ಪ್ಯಾನೆಲ್‌ಗಳ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

2 ಸಾಕಾ ಅಂದರೆ, ಸ್ಕೂಟರ್ ಜೊತೆ ಮುಂದೆ ಇಂಡಕ್ಷನ್ ಒಲೆ ಬರುತ್ತದೆ ಅಂತಿದ್ದರೆ 3 ಇರಲಿ. ಮೂರನೆಯದಕ್ಕೂ 18,000 ಸಿಗುತ್ತದಲ್ಲ.

ಮೇಲಿನ ಮೀಟರಿನ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ?

ತುಮಕೂರು_ಹುಡುಗ

ಅಪ್ಪನ ಹೆಸರಲ್ಲಿ. ಎರಡೂ.

ಕರೆಂಟ್_ಕಂಟ್ರಾಕ್ಟರ್

ಹಾಗಿದ್ದರೆ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ಅರ್ಜಿಯೂ ಅಪ್ಪನ ಹೆಸರಲ್ಲೇ ಹೋಗಬೇಕು. ಬಿಲ್ಲಿನಲ್ಲಿರುವ ಹೆಸರು, ಅರ್ಜಿಯ ಹೆಸರು ಒಂದೇ ಇರಬೇಕು. ಮೊದಲು ಪೂರ್ತಿ ದುಡ್ಡು ನೀವು ಕೊಡಬೇಕು, ನೆಟ್ ಮೀಟರ್ (ಲೈನಿನಿಂದ ಬಂದ, ಲೈನಿಗೆ ಹೋದ ಕರೆಂಟ್ ಎರಡನ್ನೂ ಅಳೆಯುವುದು) ಕೂತು ಎಲ್ಲ ಮುಗಿದ ಮೇಲೆ ಸಬ್ಸಿಡಿ ಅಪ್ಪನ ಬ್ಯಾಂಕ್ ಖಾತೆಗೆ ಬರುತ್ತದೆ. "ಸಬ್ಸಿಡಿ ನಮ್ಮ ಖಾತೆಗೆ ಬರುತ್ತದೆ, ನೀವು ಬಾಕಿ ಕೊಡಿ" ಅನ್ನುವವರ ಹತ್ತಿರ ವ್ಯಾಪಾರ ಬೇಡ.

ತುಮಕೂರು_ಹುಡುಗ

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನೇ ಹೇಳಿದೆ. ದುಡ್ಡು ಹಾಕುವುದು ನಾನು, 78,000 ಬರುವುದು ಅವರ ಖಾತೆಗೆ ಅಂತ. "ಸರಿ, ಹಾಕಿಸು, ದೇಶಕ್ಕೂ ಒಳ್ಳೇದು" ಅಂದರು. ನಾಳೆ ಅರ್ಜಿ ಹಾಕುತ್ತೇನೆ.

ಕರೆಂಟ್_ಕಂಟ್ರಾಕ್ಟರ್

ಪಾಸ್‌ಬುಕ್ಕು, ಕರೆಂಟ್ ಬಿಲ್ ಎರಡೂ ಪಕ್ಕದಲ್ಲಿ ಇಟ್ಟುಕೊಂಡು ಹೆಸರಿನ ಇನಿಷಿಯಲ್ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಬಿಲ್ಲಿನಲ್ಲಿ ಸರಿಮಾಡಿಸಿ, ಆಮೇಲೆ ಅರ್ಜಿ.